ಅದು ಯಾವ ಲಿಸ್ಟು?

2023ರ ಜನವರಿ. ನಾನಾಗ ಬಿಇ ಮೊದಲ ಸೆಮಿಸ್ಟರ್. ಹಾಸ್ಟೆಲ್ ಮೆಸ್‌ನಲ್ಲಿ ರಾತ್ರಿ ಊಟಕ್ಕೆ ತಟ್ಟೆ ಹಿಡಿದು ಸಾಲಿನಲ್ಲಿ ನಿಂತಿದ್ದೆವು. ಯಾರದೋ ಮೊಬೈಲ್‌ಗೆ ಸುದ್ದಿ ಬಂತು. ಎರಡೇ ನಿಮಿಷದಲ್ಲಿ ಸಾಲಿನ ಉದ್ದಕ್ಕೂ ಹರಡಿತು: ‘ಕಾಂತಾರ’ ಆಸ್ಕರ್‌ಗೆ ಹೋಯ್ತಂತೆ! ತಟ್ಟೆ ಬಡಿದವರೆಷ್ಟೋ, ಶಿಳ್ಳೆ ಹೊಡೆದವರೆಷ್ಟೋ. ನಾನೂ ಚಪಾತಿ ಬಿಟ್ಟು ಸ್ಟೇಟಸ್ ಹಾಕಿದೆ. ಬೆಂಕಿಯ ಎಮೋಜಿ ನಾಲ್ಕು, ಕೆಂಪು–ಹಳದಿ ಹೃದಯ ಎರಡು.

ಆಗ ನಮ್ಮ ಹಿಂದೆ ನಿಂತಿದ್ದ ಫೈನಲ್ ಇಯರ್ ಸೀನಿಯರ್ ಒಬ್ಬರು ಮೆಲ್ಲಗೆ ಕೇಳಿದರು, ‘ಅದು ಯಾವ ಲಿಸ್ಟು?’

ಅಷ್ಟೇ. ಎಲ್ಲರೂ ಅವರ ಮೇಲೆ ಮುಗಿಬಿದ್ದೆವು. ‘ಏನಣ್ಣ, ನಮ್ಮ ಸಿನಿಮಾ ಮೇಲೆ ಬಂದರೆ ಹೊಟ್ಟೆ ಉರೀನಾ?’ ಅಂದ ಒಬ್ಬ. ‘ಬೇರೆ ಭಾಷೆ ಸಿನಿಮಾ ಆಗಿದ್ರೆ ಹೀಗೆ ಕೇಳ್ತಿದ್ರಾ?’ ಅಂದವನು ನಾನೇ. ಅವರು ನಕ್ಕು ಸುಮ್ಮನಾದರು.

ಎರಡು ವಾರ ಕಳೆದು ಜನವರಿ 24ರಂದು ನಾಮನಿರ್ದೇಶನಗಳು ಪ್ರಕಟವಾದವು. ಯಾವ ವಿಭಾಗದಲ್ಲೂ ‘ಕಾಂತಾರ’ ಇರಲಿಲ್ಲ. ಮೋಸವಾಯಿತು ಎಂದು ನಮ್ಮ ರೂಮಿನಲ್ಲಿ ಒಂದು ದಿನ ಶೋಕಾಚರಣೆ ನಡೆಯಿತು. ಮರುದಿನ ಕುಳಿತು ಸೀನಿಯರ್ ಕೇಳಿದ್ದ ಪ್ರಶ್ನೆಗೆ ಉತ್ತರ ಹುಡುಕಿದೆ. ಸಿಕ್ಕಿದ್ದು ನೋಡಿ ಮುಖ ಕೆಂಪಾಯಿತು.

ನಾವು ತಟ್ಟೆ ಬಡಿದು ಸಂಭ್ರಮಿಸಿದ್ದು 301 ಚಿತ್ರಗಳ ಒಂದು ಪಟ್ಟಿಗೆ. ಆ ವರ್ಷ ಸ್ಪರ್ಧೆಗೆ ಅರ್ಹವಾದ ಚಿತ್ರಗಳು ಯಾವುವು ಎಂದು ಅಕಾಡೆಮಿ ತನ್ನ ಸದಸ್ಯರಿಗೆ ನೆನಪಿಸಲು ಬಿಡುಗಡೆ ಮಾಡುವ ಪಟ್ಟಿ ಅದು. ಅದರಲ್ಲಿ ಸೇರಲು ಚಿತ್ರ ಚೆನ್ನಾಗಿದೆ ಎಂದು ಯಾರೂ ತೀರ್ಮಾನಿಸಬೇಕಿಲ್ಲ. ಚಿತ್ರ 40 ನಿಮಿಷಕ್ಕಿಂತ ಉದ್ದ ಇರಬೇಕು. ಲಾಸ್ ಏಂಜಲೀಸ್, ನ್ಯೂಯಾರ್ಕ್, ಷಿಕಾಗೊದಂತಹ ಅಮೆರಿಕದ ಆರು ಮಹಾನಗರ ಪ್ರದೇಶಗಳಲ್ಲಿ ಒಂದರ ಥಿಯೇಟರ್‌ನಲ್ಲಿ ಸತತ ಏಳು ದಿನ ಟಿಕೆಟ್ ಇಟ್ಟು ಓಡಿರಬೇಕು. ಆಮೇಲೆ ನಿರ್ಮಾಪಕರು ಕಾಲಕ್ಕೆ ಸರಿಯಾಗಿ ಅರ್ಜಿ, ದಾಖಲೆ ಸಲ್ಲಿಸಬೇಕು. ಮುಖ್ಯವಾಗಿ ಇಷ್ಟೇ. ಅದೇ ಪಟ್ಟಿಯಲ್ಲಿ ನಮ್ಮ ‘ವಿಕ್ರಾಂತ್ ರೋಣ’ವೂ ಇತ್ತು, ಹಿಂದಿಯ ‘ಗಂಗೂಬಾಯಿ ಕಾಠಿಯಾವಾಡಿ’ಯೂ ಇತ್ತು. ಅಂತಿಮವಾಗಿ ಅತ್ಯುತ್ತಮ ಚಿತ್ರ ವಿಭಾಗಕ್ಕೆ ನಾಮನಿರ್ದೇಶನ ಆದದ್ದು ಹತ್ತು.

ಸಿಇಟಿ ಬರೆಯಲು ಹಾಲ್ ಟಿಕೆಟ್ ಬಂದರೆ ಮನೆಯಲ್ಲಿ ಯಾರೂ ಸಿಹಿ ಹಂಚುವುದಿಲ್ಲ. ಆದರೆ ಸಿನಿಮಾದ ವಿಷಯದಲ್ಲಿ ನಾವು ಹಾಲ್ ಟಿಕೆಟ್‌ಗೇ ಮೆರವಣಿಗೆ ಮಾಡಿದ್ದೆವು.

ಇನ್ನೊಂದು ಸಂಗತಿ ತಿಳಿದಾಗ ಮತ್ತೂ ನಾಚಿಕೆಯಾಯಿತು. ನಿಜವಾದ ಶಾರ್ಟ್‌ಲಿಸ್ಟ್ ಹಿಂದಿನ ಡಿಸೆಂಬರ್‌ನಲ್ಲೇ ಬಂದಿತ್ತು. ಅದರಲ್ಲಿ ಭಾರತದ ನಾಲ್ಕು ಹೆಸರುಗಳಿದ್ದವು. ಭಾರತದ ಅಧಿಕೃತ ಪ್ರವೇಶವಾಗಿ ಹೋಗಿದ್ದ ಗುಜರಾತಿಯ ‘ಛೆಲ್ಲೋ ಶೋ’, ‘ಆರ್‌ಆರ್‌ಆರ್’ ಚಿತ್ರದ ‘ನಾಟು ನಾಟು’ ಹಾಡು, ‘ಆಲ್ ದಟ್ ಬ್ರೀದ್ಸ್’ ಸಾಕ್ಷ್ಯಚಿತ್ರ ಮತ್ತು ‘ದಿ ಎಲಿಫೆಂಟ್ ವಿಸ್ಪರರ್ಸ್’ ಎಂಬ ಕಿರು ಸಾಕ್ಷ್ಯಚಿತ್ರ. ಈ ಕೊನೆಯದು ಮುದುಮಲೈನದು. ಬಂಡೀಪುರದ ಗಡಿ ದಾಟಿದರೆ ಸಿಗುವ ಕಾಡು. ತಾಯಿ ಕಳೆದುಕೊಂಡ ಆನೆ ಮರಿಗಳನ್ನು ಸಾಕುವ ಬೊಮ್ಮನ್ ಮತ್ತು ಬೆಳ್ಳಿಯ ಕಥೆ. ಮಾರ್ಚ್‌ನಲ್ಲಿ ಆಸ್ಕರ್ ಗೆದ್ದ ಎರಡರಲ್ಲಿ ಅದೂ ಒಂದು. ಮೈಸೂರಿನಿಂದ ಊಟಿಗೆ ಹೋಗುವ ದಾರಿಯಲ್ಲಿ ನಡೆದ ಕಥೆ ಜಗತ್ತನ್ನು ಗೆಲ್ಲುತ್ತಿದ್ದಾಗ, ನಮ್ಮ ಹಾಸ್ಟೆಲ್‌ನಲ್ಲಿ ಒಬ್ಬನಿಗೂ ಅದರ ಹೆಸರು ಗೊತ್ತಿರಲಿಲ್ಲ. ಗದ್ದಲ ಇದ್ದದ್ದು ಒಂದು ಕಡೆ, ಕೆಲಸ ಆಗುತ್ತಿದ್ದದ್ದು ಇನ್ನೊಂದು ಕಡೆ.

ಇಲ್ಲಿ ಒಂದು ಮಾತು ಸ್ಪಷ್ಟಪಡಿಸಬೇಕು. ನನಗೆ ‘ಕಾಂತಾರ’ ಇಷ್ಟ. ಥಿಯೇಟರ್‌ನಲ್ಲಿ ಎರಡು ಸಲ ನೋಡಿದ್ದೇನೆ. ನಾನು ಬಯಲುಸೀಮೆಯ ಕಡೂರು ಕಡೆಯವನು. ಕೋಲ ಎಂದರೇನು ಎಂದು ಮೊದಲು ಕಂಡಿದ್ದೇ ಆ ಚಿತ್ರದಲ್ಲಿ. ಕೊನೆಯ ಇಪ್ಪತ್ತು ನಿಮಿಷ ಪಕ್ಕದವನ ಕೈ ಹಿಡಿದುಕೊಂಡು ಕೂತಿದ್ದೆ. ನಿರ್ದೇಶಕ ರಿಷಬ್ ಶೆಟ್ಟಿ ತಮ್ಮದೇ ಊರಾದ ಕೆರಾಡಿಯಲ್ಲಿ, ತಾವು ಕಂಡುಂಡ ಬದುಕನ್ನೇ ಕಥೆ ಮಾಡಿದ್ದರಿಂದ ಅದಕ್ಕೆ ಆ ಕಸುವು ಬಂತು ಎಂದು ನಂಬಿದ್ದೇನೆ.

ಆದರೆ ಅದೇ ಚಿತ್ರದಲ್ಲಿ ಶಿವ ಲೀಲಾಳ ಜತೆ ನಡೆದುಕೊಳ್ಳುವ ರೀತಿ ನನಗೆ ಇಷ್ಟವಾಗಲಿಲ್ಲ. ಕೇಳದೆ ಸೊಂಟ ಚಿವುಟುವುದನ್ನು ಪ್ರೀತಿ ಎಂದು ತೋರಿಸಿದ್ದಾರೆ. ಓದಿ, ತರಬೇತಿ ಪಡೆದು, ಅರಣ್ಯ ಇಲಾಖೆಯ ಕೆಲಸಕ್ಕೆ ಸೇರಿದ ಹುಡುಗಿ ಅವಳು. ಅವಳ ಕೆಲಸಕ್ಕೂ ಅವಳ ಜನಕ್ಕೂ ನಡುವಿನ ಸಂಕಟವೇ ಒಂದು ಸಿನಿಮಾ ಆಗುವಷ್ಟಿತ್ತು. ಅದನ್ನು ಅರ್ಧಕ್ಕೇ ಬಿಟ್ಟಿದ್ದಾರೆ. ನಮ್ಮ ಕ್ಲಾಸಿನ ಹುಡುಗಿಯೊಬ್ಬಳು ಇದನ್ನು ಗ್ರೂಪಿನಲ್ಲಿ ಬರೆದಳು. ಆಸ್ಕರ್ ಗದ್ದಲದ ದಿನಗಳು. ಅರ್ಧ ಗಂಟೆಯಲ್ಲಿ ಅವಳು ಕನ್ನಡದ ದ್ರೋಹಿಯೂ ಆದಳು, ದೈವದ ವಿರೋಧಿಯೂ ಆದಳು. ಅವಳು ಗ್ರೂಪ್ ಬಿಟ್ಟು ಹೋದಳು. ಅವಳ ಮಾತು ಸರಿ ಎಂದು ನನಗೆ ಅನಿಸಿತ್ತು. ಆದರೂ ಸುಮ್ಮನಿದ್ದೆ.

ಪ್ರಚಾರದ ಅಬ್ಬರ ಮಾಡುವ ದೊಡ್ಡ ಹಾನಿ ಇದೇ ಅನ್ನುತ್ತೇನೆ. ಇಲ್ಲದ ಪ್ರಶಸ್ತಿಯನ್ನು ಇದೆ ಎಂದು ತೋರಿಸುವುದು ಸಣ್ಣ ಸುಳ್ಳು. ಆ ಸುಳ್ಳನ್ನು ಕಾಯಲು, ಒಂದು ಸಿನಿಮಾ ಬಗ್ಗೆ ಸ್ನೇಹಿತರು ಮನಸ್ಸು ಬಿಚ್ಚಿ ಮಾತಾಡುವುದನ್ನೇ ನಿಲ್ಲಿಸಿಬಿಡುತ್ತೇವಲ್ಲ, ಅದು ದೊಡ್ಡ ನಷ್ಟ. ಪ್ರಶಸ್ತಿ ಬರುತ್ತದೆ ಅಂದಕೂಡಲೇ ಸಿನಿಮಾ ಸಿನಿಮಾ ಆಗಿ ಉಳಿಯುವುದಿಲ್ಲ, ಕ್ರಿಕೆಟ್ ಮ್ಯಾಚ್ ಆಗುತ್ತದೆ. ಮ್ಯಾಚ್‌ನಲ್ಲಿ ನಮ್ಮ ತಂಡದ ಬ್ಯಾಟಿಂಗ್ ಸರಿಯಿಲ್ಲ ಎಂದರೆ ಎದುರಾಳಿ ತಂಡದವನು ಎಂದೇ ಅರ್ಥ!

ಕಥೆ ಅಲ್ಲಿಗೇ ಮುಗಿಯಲಿಲ್ಲ. 2024ರ ಆಗಸ್ಟ್‌ನಲ್ಲಿ ರಾಷ್ಟ್ರ ಪ್ರಶಸ್ತಿಗಳು ಪ್ರಕಟವಾದವು. ‘ಕಾಂತಾರ’ದ ನಟನೆಗೆ ರಿಷಬ್ ಶೆಟ್ಟಿಯವರು ಅತ್ಯುತ್ತಮ ನಟ. ಅತ್ಯುತ್ತಮ ಜನಪ್ರಿಯ ಮನರಂಜನಾ ಚಿತ್ರ ಪ್ರಶಸ್ತಿಯೂ ಅದಕ್ಕೇ. ಇದು ಅರ್ಜಿ ಹಾಕಿ ಸೇರಿದ ಪಟ್ಟಿಯಲ್ಲ, ತೀರ್ಪುಗಾರರು ಕೂತು ನೋಡಿ ಕೊಟ್ಟಿದ್ದು. ಆ ದಿನ ಸ್ಟೇಟಸ್ ಹಾಕುವಾಗ ನನಗೆ ಯಾವ ಅಳುಕೂ ಇರಲಿಲ್ಲ. ನಿಜವಾದ ಖುಷಿಗೂ ತಂದುಕೊಂಡ ಖುಷಿಗೂ ಇರುವ ವ್ಯತ್ಯಾಸ ಅವತ್ತು ಗೊತ್ತಾಯಿತು.

ಇನ್ನು 2025ರ ಜನವರಿ. ಮತ್ತೆ ಅದೇ ಪಟ್ಟಿ ಬಂತು, ಈ ಸಲ 323 ಚಿತ್ರ. ಅದರಲ್ಲಿ ತಮಿಳಿನ ‘ಕಂಗುವ’ ಇತ್ತು. ಸದ್ದು ಅತಿಯಾಯಿತೆಂದು ಬಿಡುಗಡೆಯಾದ ಮೇಲೆ ನಿರ್ಮಾಪಕರೇ ಥಿಯೇಟರ್‌ಗಳಿಗೆ ವಾಲ್ಯೂಮ್ ಇಳಿಸಲು ಹೇಳಬೇಕಾಗಿ ಬಂದ ಚಿತ್ರ ಅದು. ಎರಡು ವರ್ಷದ ಹಿಂದೆ ನಾವು ಕುಣಿದಂತೆಯೇ ಕೆಲವರು ಕುಣಿದರು. ಹಾಸ್ಟೆಲ್‌ನಲ್ಲಿ ಹುಡುಗರು ಅವರನ್ನು ನೋಡಿ ಬಿದ್ದು ಬಿದ್ದು ನಕ್ಕರು. ನನಗೆ ನಗು ಬರಲಿಲ್ಲ. ನಾನು ಹಾಕಿದ್ದ ಆರು ಎಮೋಜಿ ನೆನಪಾದವು.

ಆ ಹೊತ್ತಿಗೆ ನಾನು ಆಸ್ಕರ್ ಸುದ್ದಿಯನ್ನೆಲ್ಲ ಅನುಮಾನದಿಂದ ಓದುವವನಾಗಿದ್ದೆ. ಹಾಗಾಗಿ ಆ ವರ್ಷ ಎಲ್ಲಕ್ಕಿಂತ ಹೆಚ್ಚು ಸದ್ದು ಮಾಡಿದ ‘ಎಮಿಲಿಯಾ ಪೆರೆಝ್’ ಚಿತ್ರವನ್ನು ಹುಷಾರಾಗಿಯೇ ನೋಡಲು ಕೂತೆ. ಅದಕ್ಕೆ 13 ನಾಮನಿರ್ದೇಶನ ಸಿಕ್ಕಿತ್ತು. ಇಂಗ್ಲಿಷೇತರ ಭಾಷೆಯ ಚಿತ್ರವೊಂದಕ್ಕೆ ಅಷ್ಟು ಎಂದೂ ಸಿಕ್ಕಿರಲಿಲ್ಲ. ಕಾನ್ ಚಿತ್ರೋತ್ಸವದಲ್ಲಿ ಜ್ಯೂರಿ ಪ್ರಶಸ್ತಿ, ಆಮೇಲೆ ನಾಲ್ಕು ಗೋಲ್ಡನ್ ಗ್ಲೋಬ್. ಮೆಕ್ಸಿಕೋದ ಡ್ರಗ್ಸ್ ದೊರೆಯೊಬ್ಬ ಹೆಣ್ಣಾಗಿ ಬದಲಾಗಿ ಹೊಸ ಬದುಕು ಶುರು ಮಾಡುವ ಕಥೆ, ಅದೂ ಹಾಡು ಕುಣಿತದ ಜತೆಗೆ. ಕೇಳಲು ಬಹಳ ಹೊಸದು. ನೋಡುತ್ತಾ ನೋಡುತ್ತಾ ನನಗೆ ಏನೋ ತಾಳ ತಪ್ಪಿದಂತೆ ಅನಿಸಿತು. ಸಾವಿರಾರು ಜನ ಕಾಣೆಯಾಗಿರುವ ದೇಶದ ನೋವು ಅಲ್ಲಿ ಹಾಡಿಗೆ ಹಿನ್ನೆಲೆಯ ಪರದೆ ಆಗಿತ್ತು.

ನನಗೊಬ್ಬನಿಗೇ ಹಾಗನಿಸಿತೇ ಎಂದು ಹುಡುಕಿದರೆ, ಎಲ್ಲರಿಗಿಂತ ಜೋರಾಗಿ ಕೂಗುತ್ತಿದ್ದವರು ಮೆಕ್ಸಿಕೋದವರೇ! ಚಿತ್ರದ ನಿರ್ದೇಶಕರು ಫ್ರಾನ್ಸಿನವರು. ಚಿತ್ರೀಕರಣದ ಬಹುಪಾಲು ನಡೆದದ್ದು ಪ್ಯಾರಿಸ್ ಸಮೀಪದ ಸ್ಟುಡಿಯೊದಲ್ಲಿ. ಮುಖ್ಯ ಪಾತ್ರಗಳಲ್ಲಿ ಹೆಚ್ಚಿನವರು ಹೊರಗಿನವರು. ಅವರಾಡುವ ಸ್ಪ್ಯಾನಿಷ್ ನಮ್ಮದಲ್ಲ ಎಂದು ಅಲ್ಲಿನ ಪ್ರೇಕ್ಷಕರು ಗೇಲಿ ಮಾಡಿದರು. ಕೆಲವರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಅಂಟಿಸಿದ ಮೀಸೆ, ಬೆರೆ ಟೋಪಿ ಹಾಕಿಕೊಂಡು ಫ್ರೆಂಚರನ್ನು ಅಣಕಿಸುವ ಕಿರುಚಿತ್ರ ಮಾಡಿ ಯೂಟ್ಯೂಬ್‌ಗೆ ಬಿಟ್ಟರು. ಅದರಲ್ಲಿ ಫ್ರೆಂಚ್ ನಟರೇ ಇರಲಿಲ್ಲ. ಏಟಿಗೆ ಎದಿರೇಟು ಅಂದರೆ ಇದು.

ಆದರೆ ಪ್ರಶಸ್ತಿ ಕೊಡುವವರಿಗೆ ಇದು ಕೇಳಿಸಲೇ ಇಲ್ಲವೇ? ಅಕಾಡೆಮಿಯಲ್ಲಿ ಮತ ಹಾಕುವವರು ಸುಮಾರು ಹತ್ತು ಸಾವಿರ ಜನ. ಅವರ ಮುಂದೆ ತಮ್ಮ ಚಿತ್ರ ಸದಾ ಕಾಣುತ್ತಿರಲಿ ಎಂದು ಕಂಪನಿಗಳು ತಿಂಗಳುಗಟ್ಟಲೆ ಜಾಹೀರಾತು, ವಿಶೇಷ ಪ್ರದರ್ಶನ, ಔತಣ, ಸಂವಾದ ನಡೆಸುತ್ತವೆ. ಮೇ ತಿಂಗಳ ಕಾನ್ ಉತ್ಸವದಿಂದ ಶುರುವಾಗುವ ಈ ಓಟ ಸೆಪ್ಟೆಂಬರ್‌ನ ವೆನಿಸ್, ಟೊರಾಂಟೊ ದಾಟಿ ಮಾರ್ಚ್‌ವರೆಗೂ ನಡೆಯುತ್ತದೆ. ನಮ್ಮ ಚುನಾವಣೆಗಿಂತ ಉದ್ದ! ಇದಕ್ಕಿಂತ ಸೋಜಿಗದ ಸಂಗತಿ ಇನ್ನೊಂದಿದೆ. 2025ರ ಏಪ್ರಿಲ್‌ನಲ್ಲಿ ಅಕಾಡೆಮಿ ಒಂದು ಹೊಸ ನಿಯಮ ತಂದಿತು. ಅಂತಿಮ ಸುತ್ತಿನಲ್ಲಿ ಯಾವುದೇ ವಿಭಾಗಕ್ಕೆ ಮತ ಹಾಕಬೇಕಾದರೆ ಆ ವಿಭಾಗದ ಎಲ್ಲ ಚಿತ್ರಗಳನ್ನೂ ನೋಡಿರಲೇಬೇಕು ಎಂದು. ಅಂದರೆ ಅಲ್ಲಿಯವರೆಗೆ ಆ ಕಡ್ಡಾಯ ಎಲ್ಲ ವಿಭಾಗಗಳಿಗೂ ಇರಲಿಲ್ಲ! ಉತ್ತರ ಪತ್ರಿಕೆ ಪೂರ್ತಿ ಓದದೆ ಮಾರ್ಕ್ಸ್ ಕೊಡಬಾರದು ಎಂದು ಇಷ್ಟು ತಡವಾಗಿ ಆದೇಶ ಬಂದ ಹಾಗಾಯಿತು.

ಕೊನೆಗೆ ಆ ಚಿತ್ರಕ್ಕೆ ಬಂದದ್ದು 13ರಲ್ಲಿ ಎರಡು, ಪೋಷಕ ನಟಿ ಮತ್ತು ಹಾಡು. ಮುಖ್ಯ ನಟಿಯ ಹಳೆಯ ಪೋಸ್ಟ್‌ಗಳು ಹೊರಬಂದು ವಿವಾದವಾದದ್ದೂ ಅದಕ್ಕೊಂದು ಕಾರಣ ಇರಬಹುದು. ಅಂತರರಾಷ್ಟ್ರೀಯ ಚಿತ್ರ ವಿಭಾಗವನ್ನು ಬ್ರೆಜಿಲ್‌ನ ‘ಐ ಆ್ಯಮ್ ಸ್ಟಿಲ್ ಹಿಯರ್’ ಗೆದ್ದಿತು. ಮಿಲಿಟರಿ ಆಡಳಿತದಲ್ಲಿ ಗಂಡ ಕಾಣೆಯಾದ ಹೆಂಗಸೊಬ್ಬಳ ಕಥೆ. ಬ್ರೆಜಿಲ್ ಜನ ತಮ್ಮ ಕಥೆಯನ್ನು ತಾವೇ ಹೇಳಿದ್ದು. ಮೆಕ್ಸಿಕೋದವರ ಸಿಟ್ಟು ಕಂಡಾಗ ನನಗೆ ಕೆರಾಡಿ ನೆನಪಾದದ್ದು ಇದಕ್ಕೇ. ಊರು ಗೊತ್ತಿರುವವನು ಮಾಡಿದ ಸಿನಿಮಾದಲ್ಲಿ ತಪ್ಪಿದ್ದರೂ ಅದು ಊರಿನ ತಪ್ಪಾಗಿರುತ್ತದೆ. ಊರು ಗೊತ್ತಿಲ್ಲದವನ ಸಿನಿಮಾಕ್ಕೆ ಎಷ್ಟು ಪದಕ ನೇತು ಹಾಕಿದರೂ ಊರಿನವರಿಗೆ ಗೊತ್ತಾಗಿಬಿಡುತ್ತದೆ.

ಇಷ್ಟಾಗುವಷ್ಟರಲ್ಲಿ ನಾನು ದೊಡ್ಡ ಜಾಣನಾಗಿದ್ದೇನೆ ಎಂದುಕೊಂಡಿದ್ದೆ. ಯಾರಾದರೂ ಯಾವುದಾದರೂ ಪ್ರಶಸ್ತಿ ಎಂದರೆ ‘ಅದು ಯಾವ ಲಿಸ್ಟು?’ ಎಂದು ತುಟಿ ಕೊಂಕಿಸುವುದು ಅಭ್ಯಾಸವಾಗಿತ್ತು. ಈ ಜಾಣತನವೂ ಒಮ್ಮೆ ಕೈಕೊಟ್ಟಿತ್ತು, ಅದನ್ನೂ ಹೇಳಿಬಿಡುತ್ತೇನೆ. 2024ರ ಮೇನಲ್ಲಿ ಕನ್ನಡದ ಕಿರುಚಿತ್ರಕ್ಕೆ ಕಾನ್‌ನಲ್ಲಿ ಮೊದಲ ಬಹುಮಾನ ಎಂದು ರೂಮ್‌ಮೇಟ್ ಓಡಿಬಂದು ಹೇಳಿದ. ‘ದುಡ್ಡು ಕೊಟ್ರೆ ಯಾರು ಬೇಕಾದ್ರೂ ಕಾನ್‌ಗೆ ಹೋಗಿ ಫೋಟೊ ತೆಗೆಸ್ಕೋಬಹುದು ಮಗಾ, ಬಿಡು’ ಎಂದೆ. ಅವನ ಮುಖ ಸಪ್ಪಗಾಯಿತು.

ಆಮೇಲೆ ತಿಳಿಯಿತು. ಆ ಚಿತ್ರ ‘ಸನ್‌ಫ್ಲವರ್ಸ್ ವರ್ ದಿ ಫಸ್ಟ್ ಒನ್ಸ್ ಟು ನೋ’. ಮಾಡಿದವರು ವೈದ್ಯಕೀಯ ಓದಿ, ಆಮೇಲೆ ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟ್ ಸೇರಿದ ಚಿದಾನಂದ ನಾಯಕ್. ಹುಂಜ ಕದ್ದುಕೊಂಡು ಹೋದ ಅಜ್ಜಿಯಿಂದಾಗಿ ಊರಿಗೆ ಬೆಳಗಾಗುವುದೇ ನಿಂತುಹೋದ ನಮ್ಮ ಜನಪದ ಕಥೆ. ಜಗತ್ತಿನ ಸಿನಿಮಾ ಶಾಲೆಗಳ ವಿದ್ಯಾರ್ಥಿಗಳು ಕಳಿಸುವ ಚಿತ್ರಗಳಿಂದ ಕೆಲವನ್ನೇ ಆರಿಸಿ, ತೀರ್ಪುಗಾರರು ಬಹುಮಾನ ಕೊಡುವ ‘ಲಾ ಸಿನೆಫ್’ ವಿಭಾಗದಲ್ಲಿ ಅದು ಮೊದಲು ಬಂದಿತ್ತು. ಬಹುಮಾನ 15 ಸಾವಿರ ಯೂರೊ. ಅಪ್ಪಟ ಗೆಲುವು. ನಮ್ಮಂತೆಯೇ ಒಂದು ಕೋರ್ಸ್ ಓದಿ, ಇನ್ನೊಂದು ಕನಸಿನ ಹಿಂದೆ ಹೋದ ಒಬ್ಬರ ಗೆಲುವು. ಅದನ್ನು ನಾನು ಪರೀಕ್ಷಿಸದೆಯೇ ಕಸಕ್ಕೆ ಹಾಕಿದ್ದೆ.

ಪರೀಕ್ಷಿಸದೆ ನಂಬುವುದು ಎಷ್ಟು ಸೋಮಾರಿತನವೋ, ಪರೀಕ್ಷಿಸದೆ ಅನುಮಾನಿಸುವುದೂ ಅಷ್ಟೇ ಸೋಮಾರಿತನ. ‘ಯಾವ ಲಿಸ್ಟು?’ ಎಂದು ಕೇಳಿದ ಮೇಲೆ ಉತ್ತರಕ್ಕೂ ಕಾಯಬೇಕು. ಆ ಸೀನಿಯರ್ ನಿಜವಾಗಿಯೂ ತಿಳಿದುಕೊಳ್ಳಲು ಕೇಳಿದ್ದರು. ನಾನು ಇನ್ನೊಬ್ಬರ ಬಾಯಿ ಮುಚ್ಚಿಸಲು ಕೇಳುತ್ತಿದ್ದೆ.

ಸಿನಿಮಾ ವಿಷಯಕ್ಕೆ ಇಷ್ಟೆಲ್ಲ ತಲೆ ಕೆಡಿಸಿಕೊಳ್ಳಬೇಕೇ ಎಂದು ನೀವು ಕೇಳಬಹುದು. ಈ ತಿಂಗಳವರೆಗೆ ನಾನೂ ಹಾಗೇ ಅಂದುಕೊಂಡಿದ್ದೆ.

ಈಗ ನಾನು ಏಳನೇ ಸೆಮಿಸ್ಟರ್. ಕಾಲೇಜಿನಲ್ಲಿ ಪ್ಲೇಸ್‌ಮೆಂಟ್ ಕಾಲ. ಹೆಸರು ಬೇಡ, ಒಂದು ದೊಡ್ಡ ಕಂಪನಿ ಬರುತ್ತದೆ ಎಂದು ನೋಟಿಸ್ ಬೋರ್ಡ್‌ಗೆ ಪಟ್ಟಿ ಹಾಕಿದರು. ಏಳಕ್ಕಿಂತ ಹೆಚ್ಚು ಸಿಜಿಪಿಎ ಇರುವ, ಬ್ಯಾಕ್‌ಲಾಗ್ ಇಲ್ಲದ 140 ಜನರ ಹೆಸರು. ಅದರಲ್ಲಿ ನನ್ನದೂ ಇತ್ತು. ಆ ಸಂಜೆ ಮನೆಗೆ ಫೋನ್ ಮಾಡಿದೆ.

‘ಅಪ್ಪ, ಕಂಪನಿ ಲಿಸ್ಟ್‌ನಲ್ಲಿ ನನ್ನ ಹೆಸರು ಬಂತು.’

ಅಪ್ಪನಿಗೆ ಊರಲ್ಲಿ ಮೋಟಾರ್ ವೈಂಡಿಂಗ್ ಅಂಗಡಿ. ಸುಟ್ಟುಹೋದ ಪಂಪ್‌ಸೆಟ್ ಬಿಚ್ಚಿ ಹೊಸ ತಾಮ್ರದ ತಂತಿ ಸುತ್ತಿ ಕೊಡುವ ಕೆಲಸ. ನಾನು ಎಲೆಕ್ಟ್ರಿಕಲ್ ಬ್ರಾಂಚ್ ತೆಗೆದುಕೊಂಡದ್ದೂ ಅದಕ್ಕೇ. ಆ ಕಡೆಯಿಂದ ಅವರ ದನಿ ನಡುಗಿತು. ‘ಹೌದಾ ಮಗಾ? ಒಳ್ಳೇದಾತು ಬಿಡಪ್ಪಾ’ ಅಂದರು. ಅಂಗಡಿಯಲ್ಲಿ ಯಾರಿಗೋ ಹೇಳುತ್ತಿರುವುದು ಫೋನಿನಲ್ಲೇ ಕೇಳಿಸಿತು. ‘ನಮ್ ಹುಡುಗಂದು ಕಂಪ್ನಿಲಿ ಆತಂತೆ!’

ಆ ಕ್ಷಣದಲ್ಲಿ ನಾನು ಹೇಳಬಹುದಿತ್ತು. ‘ಇಲ್ಲಪ್ಪ, ಇದು ಟೆಸ್ಟ್ ಬರೆಯೋಕೆ ಅರ್ಹರಾದವರ ಪಟ್ಟಿ, ಕೆಲಸ ಸಿಕ್ಕಿದ್ದಲ್ಲ’ ಎಂದು. ಹೇಳಲಿಲ್ಲ. ನಾಲ್ಕು ವರ್ಷದಲ್ಲಿ ಅವರು ಅಷ್ಟು ಖುಷಿಯಾಗಿದ್ದು ನಾನು ಕೇಳಿರಲಿಲ್ಲ. ಇರಲಿ, ಹೇಗೂ ಆಗಿಯೇ ಆಗುತ್ತದಲ್ಲ ಎಂದುಕೊಂಡು ಫೋನ್ ಇಟ್ಟೆ. ಮರುದಿನ ಅಮ್ಮ ಫೋನ್ ಮಾಡಿ, ಅಪ್ಪ ಬೇಕರಿಯಿಂದ ಸ್ವೀಟ್ ತಂದು ಅಕ್ಕಪಕ್ಕದ ಅಂಗಡಿಗೆಲ್ಲ ಕೊಟ್ಟರೆಂದು, ಚಿಕ್ಕಮ್ಮನಿಗೂ ತಿಳಿಸಿದೆವೆಂದು ಹೇಳಿದರು.

ಆ್ಯಪ್ಟಿಟ್ಯೂಡ್ ಟೆಸ್ಟ್ ಆದ ಮೇಲೆ 140 ಜನರಲ್ಲಿ 31 ಹೆಸರು ಉಳಿದವು. ನನ್ನದು ಇರಲಿಲ್ಲ. ಕೊನೆಗೆ ಆಯ್ಕೆ ಆದವರು ನಾಲ್ಕು ಜನ.

ನಾನು ಎರಡು ದಿನ ಮನೆಗೆ ಫೋನ್ ಮಾಡಲಿಲ್ಲ. ಮೂರನೇ ದಿನ ಎಲ್ಲವನ್ನೂ ಹೇಳಿದೆ. ಅಪ್ಪ ಬೈಯಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಅದು ಯಾವ ಲಿಸ್ಟು ಅಂತ ನಾನೂ ಕೇಳ್ಲಿಲ್ಲ ಬಿಡು. ಹೆಸರು ಬಂತು ಅಂದ್ಯಲ್ಲ, ಅಷ್ಟಕ್ಕೇ ಖುಷಿ ಆಗೋತು’ ಅಂದರು.

2023ರಲ್ಲಿ ಮೆಸ್‌ನ ಸಾಲಿನಲ್ಲಿ ನಾನು ಎಲ್ಲಿ ನಿಂತಿದ್ದೆನೋ, ಇವತ್ತು ಅಪ್ಪ ಅಲ್ಲಿ ನಿಂತಿದ್ದರು. ನನಗೆ ಅಂದು ಅರ್ಧ ಸತ್ಯ ಮಾರಿದವರ ಮೇಲೆ ಎಷ್ಟು ಸಿಟ್ಟು ಬಂದಿತ್ತು! ಈಗ ಮಾರಿದವನು ನಾನು. ನಾನೂ ಸುಳ್ಳು ಹೇಳಿರಲಿಲ್ಲ. ಲಿಸ್ಟ್‌ನಲ್ಲಿ ಹೆಸರು ಬಂದದ್ದು ನಿಜ. ಆ ಸಿನಿಮಾ ಸುದ್ದಿಯಲ್ಲೂ ಲಿಸ್ಟ್‌ನಲ್ಲಿ ಹೆಸರಿದ್ದದ್ದು ನಿಜವೇ. ಕೇಳುವವರ ಆಸೆ ಉಳಿದ ಅರ್ಧವನ್ನು ತಾನೇ ತುಂಬಿಕೊಳ್ಳುತ್ತದೆ ಎಂಬುದು ಇಬ್ಬರಿಗೂ ಗೊತ್ತಿತ್ತು.

ಸಣ್ಣ ಊರಿನಿಂದ ಬಂದವರಿಗೆ, ಸಣ್ಣ ಮಾರುಕಟ್ಟೆಯ ಭಾಷೆಯವರಿಗೆ ಈ ಆಸೆ ಸ್ವಲ್ಪ ಹೆಚ್ಚು. ದೊಡ್ಡವರು ಯಾರಾದರೂ ನಮ್ಮ ಹೆಸರು ಹಿಡಿದು ಕರೆದರೆ ಸಾಕು, ಯಾಕೆ ಕರೆದರು ಎಂದು ಕೇಳಲು ಮನಸ್ಸು ಬರುವುದಿಲ್ಲ. ಈ ಆಸೆಯಲ್ಲಿ ತಪ್ಪೇನಿಲ್ಲ, ನಾಚಿಕೆಪಡಬೇಕಾದದ್ದೂ ಇಲ್ಲ. ಆದರೆ ಅದನ್ನು ನೆಚ್ಚಿಕೊಂಡು ವ್ಯಾಪಾರ ಮಾಡುವವರು ಇರುತ್ತಾರೆ. ಸಿನಿಮಾ ಪ್ರಚಾರದವರು ಮಾತ್ರವಲ್ಲ, ‘ನೂರಕ್ಕೆ ನೂರು ಪ್ಲೇಸ್‌ಮೆಂಟ್ ನೆರವು’ ಎಂದು ಬೋರ್ಡ್ ಹಾಕುವ ಕೋಚಿಂಗ್ ಸೆಂಟರ್‌ನವರೂ ಇದ್ದಾರೆ. ನೆರವು ಬೇರೆ, ಕೆಲಸ ಬೇರೆ. ಅರ್ಹತೆ ಬೇರೆ, ಆಯ್ಕೆ ಬೇರೆ. ಶಾರ್ಟ್‌ಲಿಸ್ಟ್ ಬೇರೆ, ಆಫರ್ ಲೆಟರ್ ಬೇರೆ. ಈ ಪದಗಳ ನಡುವಿನ ಅಂತರವನ್ನು ನೋಡಲು ಕಲಿಯದಿದ್ದರೆ, ನಮ್ಮ ಹಣ ಹೋಗುವುದಕ್ಕಿಂತ ಮೊದಲು ನಮ್ಮ ಮನೆಯವರ ಖುಷಿ ಹೋಗುತ್ತದೆ.

ಮೊನ್ನೆ ಹಬ್ಬಕ್ಕೆ ಊರಿಗೆ ಹೋಗಿದ್ದೆ. ಅಂಗಡಿಯಲ್ಲಿ ಅಪ್ಪ ರಿಪೇರಿಯಾದ ಮೋಟಾರನ್ನು ಗಿರಾಕಿಗೆ ಕೊಡುವ ಮೊದಲು ಟೆಸ್ಟ್ ಮಾಡುತ್ತಿದ್ದರು. ಗಿರಾಕಿಗೆ ಅವಸರ. ‘ಪ್ಲೇಟ್ ಮೇಲೆ 5 ಎಚ್‌ಪಿ ಅಂತ ಐತಲ್ಲ ಸ್ವಾಮಿ, ಕೊಡಿ’ ಅಂದ. ‘ಪ್ಲೇಟ್ ಏನು ಬೇಕಾದ್ರೂ ಹೇಳುತ್ತೆ ಕಣಯ್ಯ. ಲೋಡ್ ಮೇಲೆ ಹಾಕಿ ಆಂಪ್ಸ್ ನೋಡ್ಬೇಕು, ತಡಿ’ ಎಂದು ಅಪ್ಪ ಕ್ಲ್ಯಾಂಪ್ ಮೀಟರ್ ಹಿಡಿದರು. ಮೀಟರ್ ನೋಡಿ ನನ್ನ ಕಡೆ ತಿರುಗಿ ನಕ್ಕರು. ನನಗೂ ನಗು ಬಂತು. ಮೋಟಾರ್ ವಿಷಯದಲ್ಲಿ ಇಷ್ಟು ಹುಷಾರಾದ ಮನುಷ್ಯ ಮಗನ ಮಾತನ್ನು ಮಾತ್ರ ಮೀಟರ್ ಹಿಡಿಯದೆ ನಂಬಿದ್ದರು. ಪ್ರೀತಿ ಇರುವ ಕಡೆ ಎಲ್ಲರೂ ಹಾಗೆಯೇ. ನಾವು ‘ಕಾಂತಾರ’ವನ್ನು ನಂಬಿದ್ದೂ ಹಾಗೆಯೇ. ಅಂಥ ಕಡೆ ಮೀಟರ್ ಹಿಡಿಯುವ ಹೊಣೆ ಹೇಳುವವನದ್ದು, ಕೇಳುವವರದ್ದಲ್ಲ.

ಪ್ರಶಸ್ತಿಗಳ ಕಾಲ ಮತ್ತೆ ಹತ್ತಿರ ಬರುತ್ತಿದೆ. ‘ಕಾಂತಾರ’ದ ಹಿಂದಿನ ಕಥೆ ಹೇಳುವ ಚಿತ್ರ 2025ರ ಅಕ್ಟೋಬರ್ 2ಕ್ಕೆ ತೆರೆಗೆ ಬಂದಿದೆ. ನೋಡುತ್ತೇನೆ. ಚೆನ್ನಾಗಿದ್ದರೆ ಚೆನ್ನಾಗಿದೆ ಅನ್ನುತ್ತೇನೆ, ಇಲ್ಲದಿದ್ದರೆ ಇಲ್ಲ ಅನ್ನುತ್ತೇನೆ. ಆಸ್ಕರ್ ಸುದ್ದಿ ಬಂದರೆ ಯಾವ ಲಿಸ್ಟು ಎಂದು ನೋಡಿ, ಆಮೇಲೆ ತಟ್ಟೆ ಬಡಿಯುತ್ತೇನೆ. ಅಂದು ಗ್ರೂಪ್ ಬಿಟ್ಟು ಹೋದ ಆ ಸಹಪಾಠಿಗೂ ಕ್ಷಮೆ ಕೇಳಿದ್ದೇನೆ. ‘ಮೂರು ವರ್ಷ ಬೇಕಾಯ್ತಾ ನಿಂಗೆ?’ ಎಂದಳು. ಹೊಸ ಚಿತ್ರಕ್ಕೆ ನಾವು ನಾಲ್ಕೈದು ಜನ ಒಟ್ಟಿಗೆ ಹೋಗುವುದೆಂದು ಮಾತಾಗಿದೆ. ಈ ಸಲ ಅವಳಿಗೆ ಏನನಿಸಿತು ಎಂದು ಮೊದಲು ಕೇಳುವುದು ನಾನೇ.

ಮುಂದಿನ ವಾರ ಇನ್ನೊಂದು ಕಂಪನಿ ಬರುತ್ತಿದೆ. ಪಟ್ಟಿ ಹಾಕಿದ್ದಾರೆ, ನನ್ನ ಹೆಸರೂ ಇದೆ. ಅಪ್ಪನಿಗೆ ಫೋನ್ ಮಾಡಿದೆ. ‘ಅಪ್ಪ, ಲಿಸ್ಟ್‌ನಲ್ಲಿ ಹೆಸರು ಬಂತು. ಟೆಸ್ಟ್ ಬರೆಯೋರ ಲಿಸ್ಟು ಅಷ್ಟೇ’ ಎಂದೆ.

‘ಆತು, ಚೆನ್ನಾಗ್ ಬರಿ’ ಅಂದರು ಅಪ್ಪ.